ಕುರ್ಚಿಯ ಮೇಲೆ ಒಂದು ಮಧ್ಯಾಹ್ನ

ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ರಬ್ಬರಿನ ಟೊಪ್ಪಿ ಇರುತ್ತಿತ್ತು. ಹಾಳೆ ಮಗುಚುವುದಕ್ಕೆ ಬ್ಯಾಂಕಿನವರು ಹಾಕಿಕೊಳ್ಳುತ್ತಿದ್ದರಲ್ಲ, ಮೈತುಂಬ ಸಣ್ಣ ಗುಳ್ಳೆಗಳಿರುವಂಥದ್ದು, ಅದೇ. ಒಂದು ಕಾಲಕ್ಕೆ ಕಿತ್ತಳೆ ಬಣ್ಣದ್ದಿರಬೇಕು. ನಾನು ನೋಡುವ ಹೊತ್ತಿಗೆ ಮಾಸಿ ಮಾಸಿ ಅವರ ಚರ್ಮದ ಬಣ್ಣಕ್ಕೇ ಬಂದಿತ್ತು. ಊಟದ ಡಬ್ಬಿ ತೆರೆಯುವಾಗಲೂ ಅದನ್ನು ತೆಗೆಯಲು ಮರೆಯುತ್ತಿದ್ದರು. ಸಂಜೆ ಕೊಡಿಗೇಹಳ್ಳಿಯ ಬಸ್ಸು ಹತ್ತಿ ಕಂಬಿ ಹಿಡಿದುಕೊಂಡಾಗಲೂ ಅದು ಬೆರಳಲ್ಲೇ ಇರುತ್ತಿತ್ತು. ಹಾಳೆಯ ಮೇಲೆ ಅದು ಓಡಿದರೆ ಚರ್ರ್ ಎಂಬ ಸಣ್ಣ ಸದ್ದು. ಸದ್ದು ನಿಂತರೆ ತಪ್ಪು ಸಿಕ್ಕಿತೆಂದೇ ಅರ್ಥ. ಎದುರು ಕೂತ ನಾವು ಯಾವ ಸಾಲೆಂದು ಕುತ್ತಿಗೆ ಚಾಚಿ ನೋಡುತ್ತಿದ್ದೆವು.

ಯಲಹಂಕದ ಕಡೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಯೋಜನೆಗಳ ಸೆಕ್ಷನ್ನಿಗೆ ಅವರು ಸೂಪರಿಂಟೆಂಡೆಂಟ್. ಯೋಜನೆಗೆ ಅನುದಾನ ಮಂಜೂರಾಗುವವರೆಗೆ ಎಲ್ಲರೂ ಓಡಾಡುತ್ತಾರೆ, ಮಂಜೂರಾದ ದಿನ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಬರೆದುಕೊಟ್ಟಂತೆ ಯಾವ ಯೋಜನೆ ನಡೆದಿದೆ? ಯಂತ್ರ ಬರುವುದಿಲ್ಲ, ಜಾಗ ಕೈತಪ್ಪುತ್ತದೆ, ಜನ ಬಿಟ್ಟುಹೋಗುತ್ತಾರೆ, ಅವಧಿ ಸಾಲುವುದಿಲ್ಲ. ಪ್ರತಿಯೊಂದಕ್ಕೂ ಅನುದಾನ ಕೊಟ್ಟವರಿಂದ ಬದಲಾವಣೆಯ ಒಪ್ಪಿಗೆ ತರಿಸಬೇಕು. ಮೂವತ್ತು ವರ್ಷ ಮೇಡಂ ಮಾಡಿದ್ದು ಅದೊಂದೇ ಕೆಲಸ. ಕ್ಯಾಂಪಸ್ಸಿನ ದೊಡ್ಡ ದೊಡ್ಡ ಪ್ರೊಫೆಸರುಗಳು ಅವರ ಮೇಜಿನ ಮುಂದೆ ಹೋಂವರ್ಕ್ ಮಾಡದ ಮಕ್ಕಳ ಮುಖ ಮಾಡಿಕೊಂಡು ನಿಂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರದು ಒಂದು ಕಟ್ಟುನಿಟ್ಟು. ಕಾಗದದ ಮೇಲೆ ಏನನ್ನೇ ಬದಲಿಸಲಿ, ಒಂದೇ ಒಂದು ಕೆಂಪು ಗೀಟು ಹಾಕಬೇಕು, ಕೆಳಗಿನ ಅಕ್ಷರ ಓದಲು ಬರಬೇಕು. ನಾನೊಮ್ಮೆ ವೈಟ್ನರ್ ಬಳಿದು ತಂದಿದ್ದಕ್ಕೆ ಫೈಲನ್ನು ಮುಟ್ಟಲೇ ಇಲ್ಲ.

"ಹಳೇದು ಕಾಣಿಸ್ತಾ ಇರ್ಬೇಕು ಕಣಮ್ಮ," ಎಂದರು. "ಪೂರ್ತಿ ಅಳಿಸ್ಬಿಟ್ರೆ ಅದು ಹುಡುಕ್ಕೊಂಡು ಬರುತ್ತೆ."

ಏನು ಹುಡುಕಿಕೊಂಡು ಬರುತ್ತದೆ ಎಂದು ನಾನು ಕೇಳಲಿಲ್ಲ. ಆಗ ನಾನು ಪಿಎಚ್‌ಡಿ ವಿದ್ಯಾರ್ಥಿನಿ. ವಿಜ್ಞಾನದವಳೆಂಬ ಜಂಬ ಬೇರೆ. ಹೊರಗೆ ಬಂದು ಗೆಳತಿಯರ ಮುಂದೆ ಅವರ ದನಿಯನ್ನೇ ಅಣಕಿಸಿ ನಗಿಸಿದ್ದೆ.

ನನ್ನ ಮೇಷ್ಟ್ರ ಯೋಜನೆ ಹಳೆಯ ಬಾವಿಗಳದ್ದು. ಕೊಡಿಗೇಹಳ್ಳಿ, ಅಬ್ಬಿಗೆರೆ, ಕೆಂಪಾಪುರ ಇವೆಲ್ಲ ನಗರದೊಳಗೆ ಸೇರಿಹೋದ ಮೇಲೂ ಕಟ್ಟಡಗಳ ಸಂದಿಯಲ್ಲಿ ಕೆಲವು ತೆರೆದ ಬಾವಿಗಳು ಉಳಿದಿವೆ. ಪ್ರತಿ ಸೋಮವಾರ ಬೆಳಿಗ್ಗೆ ಮೇಷ್ಟ್ರು ತೂಕ ಕಟ್ಟಿದ ಟೇಪನ್ನು ಒಂದೊಂದರಲ್ಲೂ ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆಯೆಂದು ಬರೆದುಕೊಳ್ಳುತ್ತಿದ್ದರು. ಒಂದು ಸೋಮವಾರವೂ ತಪ್ಪಿಸಿದವರಲ್ಲ. ಅಂಥವರು ಒಂದು ಶುಕ್ರವಾರ ಪಾಠ ಮುಗಿಸಿ ಮೆಟ್ಟಿಲಿಳಿಯುತ್ತ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಯೋಜನೆಯ ಮುಖ್ಯ ಸಂಶೋಧಕರ ಜಾಗದಲ್ಲಿ ಒಂದು ತಿಂಗಳೊಳಗೆ ಬೇರೊಬ್ಬರ ಹೆಸರು ಬರದಿದ್ದರೆ ಯೋಜನೆ ಮುಚ್ಚಿಹೋಗುತ್ತಿತ್ತು. ಜೊತೆಗೆ ನನ್ನ ಮೂರು ವರ್ಷದ ಓದು, ಮೇಷ್ಟ್ರ ಸೋಮವಾರಗಳು, ಎಲ್ಲವೂ ಅಲ್ಲಿಗೇ ಮುಗಿಯುತ್ತಿದ್ದವು.

ಹೆಸರು ಬದಲಾವಣೆಯ ಅರ್ಜಿ ತುಂಬಿಸಿ ಒಯ್ದೆ. ಅನುದಾನದ ಅರ್ಜಿಗಳ ವೆಬ್ ಪೋರ್ಟಲ್ಲಿನಲ್ಲಿ ಬದಲಾವಣೆಗೆ ಮೂರೇ ಕಾರಣಗಳಿದ್ದವು: ವರ್ಗಾವಣೆ, ನಿವೃತ್ತಿ, ದೀರ್ಘ ರಜೆ. ಸಾಯುವವರಿಗೆ ಅದರಲ್ಲಿ ಜಾಗವಿರಲಿಲ್ಲ. ಎಲ್ಲರೂ ಮಾಡುವಂತೆ ನಾನೂ ವರ್ಗಾವಣೆ ಎಂದು ಒತ್ತಿ ಪ್ರಿಂಟ್ ತೆಗೆದಿದ್ದೆ. ಚರ್ರ್ ಸದ್ದು ಮೂರನೆಯ ಪುಟದಲ್ಲಿ ನಿಂತಿತು.

"ಎಲ್ಲಿಗೆ ವರ್ಗ ಆದ್ರು ನಿಮ್ ಸರ್?"

"ಮೇಡಂ, ಕಂಪ್ಯೂಟರ್ ಬೇರೆ ಏನೂ ತಗೊಳಲ್ಲ."

"ಅದು ತಗೊಳ್ದಿದ್ರೆ ಬಿಡ್ಲಿ. ನಮ್ ಕೈಲಿರೋ ಕಾಗ್ದದಲ್ಲಿ ಸರಿಯಾಗಿ ಬರಿ. ಸತ್ತೋರಿಗೆ ಇಂಗೆಲ್ಲ ಸುಳ್ಳು ಏಳ್ಬಾರ್ದು." ಕೋಪ ಬಂದಾಗ ಮಾತ್ರ ಅವರ ಬಾಯಲ್ಲಿ ಹಳೇ ಕೊಡಿಗೇಹಳ್ಳಿ ಹೊರಬರುತ್ತಿತ್ತು. ಕೆಂಪು ಪೆನ್ನು ಕೊಟ್ಟರು. ಗೀಟು ಹಾಕಿ ಪಕ್ಕದಲ್ಲಿ ನಿಧನ ಎಂದು ಬರೆದೆ.

ಆಮೇಲೆ ಅವರು ಮಾಡಿದ್ದು ನನಗೆ ಹುಚ್ಚಾಟದಂತೆ ಕಂಡಿತು. ಮೇಷ್ಟ್ರ ಕೋಣೆಯ ಬೀಗ ತೆಗೆಸಿದರು. ಫೈಲನ್ನು ಅವರ ಕುರ್ಚಿಯ ಮೇಲೆ, ಮೇಜಿನ ಮೇಲಲ್ಲ, ಕುರ್ಚಿಯ ಮೇಲೆ ಇಟ್ಟು ಬಾಗಿಲೆಳೆದುಕೊಂಡರು.

"ನಾಲ್ಕ್ ಗಂಟೆಗೆ ತಗೊಳೋಣ."

"ಯಾಕೆ ಮೇಡಂ? ಇರೋದೇ ಒಂದ್ ತಿಂಗಳು."

"ಅವ್ರ ಹೆಸರು ತೆಗೀತಾ ಇದೀವಿ, ಅವ್ರಿಗೆ ಗೊತ್ತಾಗೋದು ಬೇಡ್ವಾ?"

ತೀರಿಕೊಂಡವರ ಫೈಲು ಯಾವುದೇ ಬರಲಿ, ಅವರು ಹೀಗೇ ಮಾಡುತ್ತಾರೆಂದು ಆಮೇಲೆ ತಿಳಿಯಿತು. ನಾಲ್ಕಕ್ಕೆ ಬಾಗಿಲು ತೆರೆದಾಗ ಫೈಲು ಇಟ್ಟಲ್ಲೇ ಇತ್ತು. ಕುರ್ಚಿ ಮಾತ್ರ, ಓದಲು ಕೂತವರು ಎಳೆದುಕೊಳ್ಳುವಂತೆ, ಮೇಜಿಗೆ ಹತ್ತಿರ ಸರಿದಿತ್ತೆಂದು ನನಗನ್ನಿಸಿತು. ಮಧ್ಯಾಹ್ನ ಅದು ಎಲ್ಲಿತ್ತೆಂದು ನಾನೇನು ಅಳೆದು ನೋಡಿರಲಿಲ್ಲ. ಮೇಡಂ ಅದರತ್ತ ತಿರುಗಿ ಸಹ ನೋಡದೆ ಫೈಲು ಎತ್ತಿಕೊಂಡು ನಡೆದರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಸಂಶೋಧಕರು ಒಪ್ಪಿದರೆ ಮಾತ್ರ ಹೆಸರು ಬದಲಾಗುವ ಹಾಗೆ ಪೋರ್ಟಲ್ ಮಾಡಿದ್ದರು. ಅವರ ಮೊಬೈಲಿಗೆ ಒಂದು ಓಟಿಪಿ ಹೋಗುತ್ತದೆ, ಅದನ್ನು ಹಾಕಬೇಕು. ಮರಣಪತ್ರ ಕಳಿಸಿದೆವು, ಕುಲಸಚಿವರ ಪತ್ರ ಕಳಿಸಿದೆವು. ಸಹಾಯವಾಣಿಯವರು ಎಲ್ಲವನ್ನೂ ಕೇಳಿಸಿಕೊಂಡು, ಸಾರ್ ಹತ್ರ ಓಟಿಪಿ ಇಸ್ಕೊಳಿ ಎಂದರು. ಉಳಿದಿದ್ದು ನಾಲ್ಕೇ ದಿನ. ನಾನು ಸೆಕ್ಷನ್ನಿನಲ್ಲೇ ಕೂತು ಅತ್ತುಬಿಟ್ಟೆ. ಮೇಡಂ ಚೀಲ ಹೆಗಲಿಗೇರಿಸಿ, "ಏಳಮ್ಮ, ಹೋಗಿ ಕೇಳೋಣ" ಎಂದರು.

ಕೆಂಪಾಪುರದ ಮೇಷ್ಟ್ರ ಮನೆಗೆ ಹೋದಾಗ ಹಗಲು ಹನ್ನೊಂದು ಗಂಟೆ. ಅಮ್ಮಾವರು, ಅಂದರೆ ಮೇಷ್ಟ್ರ ಹೆಂಡತಿ, ಒಳಗೆ ಕರೆದರು. ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಅದರ ಕೆಳಗಿನ ಸ್ಟ್ಯಾಂಡಿನ ಮೇಲೆ ಹಿತ್ತಾಳೆ ದೀಪ, ದೀಪಕ್ಕೆ ಒರಗಿಸಿ ಅವರ ಮೊಬೈಲು. ಚಾರ್ಜರಿನ ವೈರು ಹೂವಿನ ನಡುವಿನಿಂದ ಇಳಿದುಬಂದಿತ್ತು.

"ಆಫ್ ಮಾಡಕ್ಕೆ ಮನಸ್ಸೇ ಬರಲ್ಲ ಮೇಡಂ," ಎಂದರು ಅಮ್ಮಾವರು. "ಸೋಮವಾರ ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡ್ಕೊಳತ್ತೆ. ಎದ್ದು ಫ್ಲಾಸ್ಕಿಗೆ ಕಾಫಿ ಹಾಕ್ತೀನಿ. ಮುಚ್ಚಳ ತಿರುಗಿಸೋವಾಗ ನೆನಪಾಗತ್ತೆ."

ನಾನು ಲ್ಯಾಪ್‌ಟಾಪ್ ತೆರೆದೆ. ನನ್ನ ಮೊಬೈಲಿನ ನೆಟ್ ಹಿಡಿದೂ ಹಿಡಿಯದ ಹಾಗಿತ್ತು. ಪೋರ್ಟಲ್ಲಿನ ಪುಟ ಅರ್ಧ ಬಂದು ಗಿರಗಿರ ಸುತ್ತುತ್ತ ನಿಂತಿತು. ಮೇಡಂ ಚಪ್ಪಲಿ ಬಿಟ್ಟ ಕಾಲಲ್ಲೇ ಫೋಟೋ ಮುಂದೆ ಹೋಗಿ ನಿಂತರು, ಹೆಡ್ ಆಫೀಸಿಗೆ ಹೋದವರ ಹಾಗೆ ಕೈಕಟ್ಟಿಕೊಂಡು.

"ಸರ್, ಒಂದ್ ನಂಬರ್ ಬೇಕಿತ್ತು. ಕೊಡದಿದ್ರೆ ಈ ಹುಡುಗಿ ಓದು ನಿಂತೋಗುತ್ತೆ."

ಮೊಬೈಲು ನಡುಗಿತು. ಹಿತ್ತಾಳೆ ದೀಪಕ್ಕೆ ತಾಗಿ ಕಿಣಿಕಿಣಿ ಸದ್ದಾಯಿತು. ಅಮ್ಮಾವರು ಬಗ್ಗಿ ನೋಡಿ ಆರು ಅಂಕಿ ಓದಿದರು.

"ನಾನಿನ್ನೂ ಬಟನ್ ಒತ್ತೇ ಇಲ್ಲ," ಎಂದೆ.

"ಬರ್ಕೊಳಮ್ಮ," ಎಂದರು ಮೇಡಂ.

ಬರೆದುಕೊಂಡೆ. ಪುಟ ಪೂರ್ತಿ ತೆರೆದ ಮೇಲೆ ಬಟನ್ ಒತ್ತಿದೆ, ಅಂಕಿ ಹಾಕಿದೆ, ಪೋರ್ಟಲ್ ಒಪ್ಪಿಕೊಂಡಿತು. ಒತ್ತಿದ್ದಕ್ಕೆ ಇನ್ನೊಂದು ಸಂದೇಶ ಬರಬೇಕಿತ್ತಲ್ಲ, ಅದು ಬರಲೇ ಇಲ್ಲ. ಬೆಳಿಗ್ಗೆ ಆಫೀಸಿನಿಂದ ಒಮ್ಮೆ ಪ್ರಯತ್ನಿಸಿದ್ದೆ, ಆ ಸಂದೇಶವೇ ತಡವಾಗಿ ಬಂದಿರಬಹುದು. ಆದರೆ ಆ ಅಂಕಿಗಳ ಆಯುಸ್ಸು ಹತ್ತು ನಿಮಿಷ. ಇದನ್ನು ನಾನು ಎಷ್ಟೋ ಸಲ ಹಾಗೂ ಹೀಗೂ ಲೆಕ್ಕ ಹಾಕಿ ನೋಡಿದ್ದೇನೆ, ಕೂಡಿಬಂದಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೇಡಂ ಅವರನ್ನೇ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ, "ಕೇಳಿದ್ವಿ, ಕೊಟ್ರು. ಅದ್ರಲ್ಲೇನಿದೆ?" ಎಂದರು.

ನನ್ನ ಪಿಎಚ್‌ಡಿ ಮುಗಿಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಬಾವಿಗಳ ಯೋಜನೆ ಅವಧಿ ವಿಸ್ತರಣೆಯಾಗುತ್ತಾ ಬಂದು ಈಗ ನನ್ನ ಹೆಸರಿನಲ್ಲಿದೆ. ಸೋಮವಾರ ಐದೂವರೆಗೆ ನನ್ನ ಮೊಬೈಲೂ ಹೊಡೆದುಕೊಳ್ಳುತ್ತದೆ.

ಹೋದ ವರ್ಷ, ನಿವೃತ್ತಿಗೆ ಐದು ತಿಂಗಳಿರುವಾಗ, ಮೇಡಂ ನಿದ್ದೆಯಲ್ಲೇ ತೀರಿಕೊಂಡರು. ಕೊಡಿಗೇಹಳ್ಳಿಯ ಅವರ ಮನೆಯಂಗಳದಲ್ಲಿ ಮಲಗಿಸಿದ್ದರು. ನಾನು ಮುಖಕ್ಕಿಂತ ಹೆಚ್ಚು ಹೆಬ್ಬೆರಳನ್ನೇ ನೋಡಿದೆ. ಟೊಪ್ಪಿಯಿರಲಿಲ್ಲ. ಬೆರಳ ತುದಿ ಬಿಳಿಚಿಕೊಂಡು, ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ನನಗೆ ಅಳು ಬರಲಿಲ್ಲ. ಎರಡು ಗಂಟೆಗೆ ಪರೀಕ್ಷಾ ಮೀಟಿಂಗಿತ್ತು, ಹೋಗಿ ಕೂತೆ.

ಒಂದು ತಿಂಗಳಾದ ಮೇಲೆ ಕೊಡಿಗೇಹಳ್ಳಿಯ ನಮ್ಮ ಬಾವಿಯನ್ನು ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಿದರು. ಬದಲಿಗೆ ಇನ್ನೊಂದು ಬಾವಿ ಸೇರಿಸಿಕೊಳ್ಳಲು ಅನುಮತಿ ಕೇಳಿದೆ. ಅರ್ಜಿ ಅಲ್ಲಾಡಲಿಲ್ಲ. ಪೋರ್ಟಲ್ ತೆರೆದರೆ, ಪರಿಶೀಲನೆಯಲ್ಲಿದೆ ಎಂಬ ಸಾಲು, ಅದರ ಪಕ್ಕ ಮೇಡಂ ಹೆಸರು. ಇಡೀ ವಿಶ್ವವಿದ್ಯಾಲಯದ ಬದಲಾವಣೆಗಳೆಲ್ಲ ಅವರ ಪರಿಶೀಲನೆಯಲ್ಲಿದ್ದವು. ಎಲ್ಲರ ಹೆಸರನ್ನೂ ಬದಲಿಸಿಕೊಟ್ಟವರ ಹೆಸರು ಬದಲಿಸಲು ಯಾರೂ ಅರ್ಜಿ ಹಾಕಿರಲಿಲ್ಲ.

"ಮೇಡಂ ಇದ್ದಿದ್ರೆ ಹೇಗೇಂತ ಹೇಳೋರು," ಎಂದರು ಸೆಕ್ಷನ್ನಿಗೆ ಹೊಸದಾಗಿ ಬಂದ ಗುಮಾಸ್ತರು, ಪಾಪ.

ನಾನೇ ಅರ್ಜಿ ತುಂಬಿಸಿದೆ. ಗುಮಾಸ್ತರನ್ನು ಏನೋ ನೆಪ ಹೇಳಿ, ನಾಲ್ಕರ ಮೇಲೆ ಬಂದರೆ ಸಾಕೆಂದು ಊಟಕ್ಕೆ ಕಳಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಫೈಲನ್ನು ಮೇಡಂ ಕುರ್ಚಿಯ ಮೇಲೆ ಇಟ್ಟೆ. ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಪಕ್ಕ, ಆ ರಬ್ಬರ್ ಟೊಪ್ಪಿ ಇತ್ತು. ಬಾಗಿಲಿಗೆ ಬೀಗ ಹಾಕಿ ಬೀಗದಕೈ ನನ್ನ ಹತ್ತಿರವೇ ಇಟ್ಟುಕೊಂಡೆ. ಹೊರಗೆ ಮೆಟ್ರೊ ಕೆಲಸದ ಧೂಳೆಂದು ಕಿಟಕಿಗಳನ್ನು ಮುಚ್ಚಿದ್ದರು. ಒಂದು ಗಂಟೆಗೆ ಹೋದ ಕರೆಂಟು ಸಂಜೆಯವರೆಗೂ ಬರಲಿಲ್ಲ. ಹಾಗಾಗಿ ಫ್ಯಾನೂ ಇರಲಿಲ್ಲ.

ನಾಲ್ಕಕ್ಕೆ ಬೀಗ ತೆಗೆದೆ. ಫೈಲು ಕುರ್ಚಿಯ ಮೇಲೇ ಇತ್ತು, ತೆರೆದುಕೊಂಡಿತ್ತು. ದಾರ ಕಟ್ಟಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ತೆರೆದಿದ್ದು ಮೂರನೆಯ ಪುಟ. ಅಲ್ಲಿ ಅವರ ಹೆಸರಿನ ಮುಂದೆ, ಬದಲಾವಣೆಗೆ ಕಾರಣ ಎಂಬ ಕಡೆ, ಪ್ರಿಂಟಾಗಿ ಬಂದಿದ್ದನ್ನು ನಾನು ಹಾಗೇ ಬಿಟ್ಟುಬಿಟ್ಟಿದ್ದೆ: ವರ್ಗಾವಣೆ.

ಅವರ ಡಬ್ಬಿಯಿಂದಲೇ ಕೆಂಪು ಪೆನ್ನು ತೆಗೆದುಕೊಂಡೆ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಒಂದು ಗೀಟು ಹಾಕಿ, ಪಕ್ಕದಲ್ಲಿ ನಿಧನ ಎಂದು ಬರೆದೆ. ತಪ್ಪಾಯ್ತು ಮೇಡಂ ಎಂದು ಬಾಯಿಬಿಟ್ಟೇ ಹೇಳಿದೆ. ಅವರು ಹೋಗಿ ಎರಡು ತಿಂಗಳು ಕಳೆದಿತ್ತು. ಅವರಿಗಾಗಿ ನಾನು ಅತ್ತದ್ದು ಅವತ್ತು, ಆ ಕುರ್ಚಿಯ ಮುಂದೆ ನಿಂತುಕೊಂಡು.