ಸಭಾದೀಪದ ಖರ್ಚು

ಇವತ್ತು ಬೆಳಿಗ್ಗೆ ಪತ್ರಿಕೆಯಲ್ಲಿ ಓದುಗರೊಬ್ಬರ ಕಾಗದ ನೋಡಿ ನಗಲು ಹೋಗಿ ಕಾಫಿಯನ್ನು ನೆತ್ತಿಗೆ ಹತ್ತಿಸಿಕೊಂಡೆ. ಕರೆಂಟಿನ ದರ ಎಷ್ಟಿರಬೇಕೆಂದು ವಿಚಾರ ಮಾಡುವ ಸಮಿತಿಗೇ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಜನರಿಗೆ ಬಹಿರಂಗವಾಗಿ ತಿಳಿಸಬೇಕಂತೆ. ಪಾಪ, ಬರೆದ ಮಹಾನುಭಾವರು ಇದೇನೋ ಹೊಸ ವಿಚಾರ ಅಂದುಕೊಂಡಿದ್ದಾರೆ! ರಾಬರ್ಟ್‌ಸನ್‌ಪೇಟೆಯ ನಮ್ಮ ವಠಾರದಲ್ಲಿ ಇದನ್ನು ಎಂದೋ ಮಾಡಿ ಮುಗಿಸಿದ್ದೇವೆ. ಅಲ್ಲ, ಮುಗಿಸಿದ್ದೇವೆ ಅನ್ನುವಂತಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ನಿಮಗೆ ಗೊತ್ತಿರಬಹುದು, ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ಕರೆಂಟು ದಾರಿಯಲ್ಲಿ ಯಾವ ಊರನ್ನೂ ಮಾತಾಡಿಸದೆ ಮೊದಲು ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ. ಶಾಲೆಯಲ್ಲಿ ನಾನು ಇದನ್ನು ಎದೆಯುಬ್ಬಿಸಿ ಪಾಠ ಮಾಡುತ್ತಿದ್ದೆ. ಪಾಠ ಮುಗಿಸಿ ಮನೆಗೆ ಬಂದರೆ ಸೀಮೆಎಣ್ಣೆ ಬುಡ್ಡಿ! ನೆಲದೊಳಗಿನ ಹೆಗ್ಗಣಕ್ಕೆ ದೀಪ ಸಿಕ್ಕಿ ಎಷ್ಟೋ ವರ್ಷಗಳಾದ ಮೇಲೆ ನೆಲದ ಮೇಲಿನ ಮೇಷ್ಟರಿಗೆ ಸಿಕ್ಕಿತು. ಅದೂ ಇಡೀ ವಠಾರಕ್ಕೆ ಒಂದೇ ಮೀಟರು.

ಒಂದೇ ಮೀಟರು ಅಂದಮೇಲೆ ಜಗಳ ಇರಲೇಬೇಕಲ್ಲ. ಯಾವ ಮನೆಯವರು ಎಷ್ಟು ಕೊಡಬೇಕು? ವಠಾರದ ಮಾಲೀಕರು ಬಂಗಾರಪೇಟೆಯ ತಮ್ಮ ಅಕ್ಕಿ ಮಂಡಿಯಲ್ಲಿ ಕೂತು, "ನೀವೇ ಒಂದು ದರ ಗೊತ್ತು ಮಾಡ್ಕೊಳ್ಳಿ. ಅಲ್ಲೀವರೆಗೂ ಹೊಸದಾಗಿ ಒಂದು ಬಲ್ಬೂ ಹಾಕ್ಸಲ್ಲ" ಎಂದು ಕೈತೊಳೆದುಕೊಂಡರು. ಹೀಗೆ ಹುಟ್ಟಿತು ನಮ್ಮ ದರ ಸಮಿತಿ. ಅಧ್ಯಕ್ಷರು ದೊರೆಸ್ವಾಮಿ, ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತರಾದವರು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಕಾರ್ಯದರ್ಶಿ ನಾನು.

ಹೊಸ ಬಲ್ಬಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವಳು ಮೂಲೆಮನೆಯ ಮುನಿಯಮ್ಮ, ನಮಗೆಲ್ಲ ಹಾಲು ಹಾಕುವವಳು. ಕಿಟಕಿಯಿಲ್ಲದ ಒಂದೇ ಕೋಣೆ ಅವಳದು. ಮಗಳು ಲಕ್ಷ್ಮಿ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು.

"ಬುಡ್ಡಿ ಒಗೇಲಿ ಬಾಣಂತೀನ ಎಂಗ್ ಮಲಗಿಸ್ಲಿ ಮೇಷ್ಟ್ರೇ? ಕೂಸು ಕಣ್ ಬಿಡ್ತಿದ್ದಂಗೇ ಕೆಮ್ಮಬೇಕಾ? ಬಿರ್‍ನೆ ದರ ಗೊತ್ತು ಮಾಡಿ" ಅಂದಳು.

"ಎರಡು ಸಂಜೆ ಕೆಲಸ ಕಣಮ್ಮ" ಅಂದೆ. ಸಮಿತಿ ಅಂದರೇನೆಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ.

ಬಲ್ಬಿಗೆ ಇಷ್ಟು ಅಂತ ಹಾಕೋಣವೇ? ಹಾಗಾದರೆ ದೊರೆಸ್ವಾಮಿಯವರ ರೇಡಿಯೋ ಬಲ್ಬೋ ಅಲ್ಲವೋ? ಅದರೊಳಗೂ ಪುಟ್ಟದೊಂದು ದೀಪ ಇದೆಯಲ್ಲ! ತಲೆಗೆ ಇಷ್ಟು ಅಂತ ಹಾಕೋಣವೇ? ಮೈಸೂರು ಮೈನ್ಸ್‌ನಲ್ಲಿ ರಾತ್ರಿ ಪಾಳಿ ಮಾಡಿ ಹಗಲೆಲ್ಲ ಮುಸುಕು ಹೊದ್ದು ಮಲಗುವವನ ತಲೆ ಯಾವ ಲೆಕ್ಕಕ್ಕೆ? ಇಷ್ಟರಲ್ಲಿ ಅಧ್ಯಕ್ಷರಿಗೆ ಎಲ್ಲಕ್ಕಿಂತ ಘನವಾದ ಸಂದೇಹ ಬಂತು.

"ರೂಲ್ ಅಂದ್ರೆ ರೂಲಪ್ಪಾ. ಒಂದು ಮನೆ ಲೈಟು ಹೊಸಲು ದಾಟಿ ಆಚೆ ಬಿದ್ರೆ ಅದು ಯಾರ ಲೆಕ್ಕ? ಮೊದಲು ಅದು ತೀರ್ಮಾನ ಆಗ್ಲಿ!"

ನಮ್ಮ ವಠಾರದಲ್ಲಿ ಒಂದು ಪದ್ಧತಿಯಿತ್ತು. ದೀಪ ಇಲ್ಲದವರು ದೀಪ ಇದ್ದವರ ಹೊಸಲಿನಾಚೆ ಕೂತು ಅಕ್ಕಿ ಆರಿಸಬಹುದು, ಬಟ್ಟೆ ಹೊಲಿಯಬಹುದು, ಊರ ಮೇಲಿನ ಮಾತೂ ಆಡಬಹುದು. ಮುನಿಯಮ್ಮ ಕೂರುತ್ತಿದ್ದುದು ನಮ್ಮ ಬಾಗಿಲಲ್ಲಿ. ಅಧ್ಯಕ್ಷರ ಸಂದೇಹ ಕಿವಿಗೆ ಬಿದ್ದದ್ದೇ ತಡ, ಆಚೆ ಬಿದ್ದ ಬೆಳಕಿಗೂ ದುಡ್ಡು ಕಟ್ಟಬೇಕಾದೀತೆಂದು ಎಲ್ಲರೂ ಬಾಗಿಲು ಹಾಕಿಕೊಂಡರು. ನಾನೂ ಎದ್ದು ಅಗುಳಿಗೆ ಕೈ ಹಾಕಿದೆ. "ಬಾಗಿಲು ಹಾಕೋದಾದ್ರೆ ನೀವು ಆಚೆ ನಿಂತ್ಕೊಂಡು ಹಾಕಿ" ಅಂದಳು ನನ್ನ ಹೆಂಡತಿ. ನಮ್ಮ ಬಾಗಿಲು ತೆರೆದೇ ಇತ್ತು.

ಸಭೆ ನಡೆಯುತ್ತಿದ್ದುದು ಅಂಗಳದ ನುಗ್ಗೆಮರದ ಕೆಳಗೆ. ಕತ್ತಲಲ್ಲಿ ದರ ಕಾಣುವುದಿಲ್ಲವೆಂದು ಮೀಟರಿನಿಂದ ಉದ್ದ ವೈರು ಎಳೆದು, ವಠಾರದಲ್ಲೇ ದೊಡ್ಡದಾದ ಬಲ್ಬೊಂದನ್ನು ಕೊಂಬೆಗೆ ನೇತುಹಾಕಿದೆವು. ಅದಕ್ಕೆ ಸಭಾದೀಪ ಎಂದು ಹೆಸರಿಟ್ಟವನು ನಾನೇ. ಟೀ ಬಂತು. ಬರೀ ಟೀ ಕುಡಿದು ನ್ಯಾಯ ಹೇಳಲಾದೀತೇ? ವಡೆಯೂ ಬಂತು. ಹೊಸಲು ದಾಟಿದ ಬೆಳಕಿನ ವಿಚಾರ ಮಾಲೀಕರನ್ನು ಕೇಳಿಬರಲು ನಾನೂ ಅಧ್ಯಕ್ಷರೂ ರೈಲು ಹತ್ತಿ ಬಂಗಾರಪೇಟೆಗೆ ಹೋದೆವು. ಅವರು ಕೋಲಾರಕ್ಕೆ ಹೋಗಿದ್ದರು. ಸ್ಟೇಷನ್ನಿನಲ್ಲಿ ಇಡ್ಲಿ ತಿಂದು ಬಂದು, ಮತ್ತೊಮ್ಮೆ ಹೋದೆವು.

ಒಂದು ಮಾತು ಹೇಳಬೇಕು, ದೊರೆಸ್ವಾಮಿ ನೀತಿವಂತರು. ಗಣಿಯಲ್ಲಿ ಏನಿದ್ದರೂ ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದರಂತೆ. ಅದೇ ರೂಲು ಇಲ್ಲಿಗೂ ಬಂತು. ನಲ್ಲಿಯ ಪಕ್ಕ ಕರಿಹಲಗೆ ತೂಗುಹಾಕಿಸಿ ಸಮಿತಿಯ ಖರ್ಚನ್ನೆಲ್ಲ ನನ್ನ ಕೈಯಲ್ಲೇ ಬರೆಸಿದರು. ನೀರಿಗೆ ಬಂದ ಮುನಿಯಮ್ಮ, "ಏನ್ ಬರ್‍ದೀರಿ, ವಸಿ ಓದಿ" ಅಂದಳು. ಗಂಟಲು ಸರಿಮಾಡಿಕೊಂಡು ಓದಿದೆ: ಟೀ, ವಡೆ, ಸೀಮೆಸುಣ್ಣ, ರೈಲು ಚಾರ್ಜು, ಇಡ್ಲಿ, ಮತ್ತೆ ರೈಲು ಚಾರ್ಜು, ಮತ್ತೆ ಇಡ್ಲಿ, ಸಭಾದೀಪ. ಎಲ್ಲ ಸೇರಿ ವಠಾರದ ಕರೆಂಟು ಬಿಲ್ಲನ್ನೇ ಮೀರಿಸಿತ್ತು. ಅದನ್ನು ಎಲ್ಲ ಮನೆಯವರೂ ಸಮನಾಗಿ ಹಂಚಿಕೊಳ್ಳಬೇಕು.

ಮುನಿಯಮ್ಮ ಕೊಡ ಕೆಳಗಿಟ್ಟಳು. "ದೀಪ ಇಲ್ದೋಳೂ ದೀಪದ ಮಾತಾಡಿದ್ದುಕ್ಕೆ ದುಡ್ ಕೊಡ್ಬೇಕಾ?"

"ರೂಲು, ತಾಯಿ" ಅಂದರು ದೊರೆಸ್ವಾಮಿ. ದನಿ ನೆಲ ಕಚ್ಚಿತ್ತು.

"ಅಂಗಾದ್ರೆ ಮರದ ಮೇಲಿರೋ ಆ ದೀಪದಲ್ಲಿ ನಂದೂ ಪಾಲೈತಾ?"

"ಇದೆ, ತಾಯಿ."

"ಇವತ್ತಿಂದ ಸಭೆ ನಮ್ಮನೇಲೇ ನಡೀಲಿ. ದೀಪ ತಕ್ಕಂಬನ್ನಿ!"

ದೊರೆಸ್ವಾಮಿ ತಲೆ ಕೆರೆದುಕೊಂಡರು. ಸಭೆ ಎಲ್ಲಿ ನಡೆಯಬೇಕೆಂದು ಯಾವ ರೂಲೂ ಇರಲಿಲ್ಲ. ಸಭಾದೀಪ ನುಗ್ಗೆಮರ ಇಳಿದು ಮುನಿಯಮ್ಮನ ಕೋಣೆ ಸೇರಿತು. ಆ ವಾರವೇ ಲಕ್ಷ್ಮಿ ಬಂದಳು, ಹೆಣ್ಣುಮಗು ಹೆತ್ತಳು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲವಲ್ಲ. ಅಂತೂ ದೀಪ ಒಳಗೆ, ದರ ಸಮಿತಿ ಹೊರಗೆ ಕತ್ತಲಲ್ಲಿ ಸೊಳ್ಳೆ ಹೊಡೆದುಕೊಳ್ಳುತ್ತ. ಟೀ ಲೋಟ ಯಾವುದು, ಪಕ್ಕದವರ ಮೊಣಕಾಲು ಯಾವುದು ಎಂದು ತಡಕಾಡುತ್ತಿದ್ದೆವು. ಆದರೂ ಆ ಗೋಡೆಯಾಚೆ ಮಗು ಬೆಳಕಿನಲ್ಲಿ ಮಲಗಿದೆ ಎಂದು ನೆನೆದರೆ ನನಗೆ ಮಹಾ ಸುಖವಾಗುತ್ತಿತ್ತು.

ಮಾಲೀಕರಿಗೆ ಸುದ್ದಿ ಮುಟ್ಟಿತು. ಒಂದು ಸಂಜೆ ಬಂದೇಬಿಟ್ಟರು. "ಈಗಿಂದೀಗ್ಲೇ ದರ ತೀರ್ಮಾನ ಆಗ್ಬೇಕು. ಸಮಿತಿ ಮುಗೀತು ಅಂದ್ರೆ ಆ ದೀಪ ಬಿಚ್ಚಿ. ಈ ಕೋಣೆ ವೈರಿಂಗು ಹಬ್ಬ ಕಳೀಲಿ, ನೋಡೋಣ."

ಬಾಗಿಲ ಹಿಂದೆ ಮುನಿಯಮ್ಮನ ಬಳೆ ಸದ್ದು ನಿಂತಿತು. ಮಾಲೀಕರ ಎದುರಿಗೆ ಇಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬಲ್ಬಿಗೆ ಇಷ್ಟು ಎಂದು ಅವರೇ ಹೇಳಿದರು, ನಾವು ಕುರಿಗಳ ಹಾಗೆ ಒಬ್ಬೊಬ್ಬರೇ ಕೈ ಎತ್ತಿದೆವು. ದೊರೆಸ್ವಾಮಿ ಎದ್ದು ನಿಂತು, "ಆಕ್ಷೇಪಣೆ ಯಾರ್‍ದಾದ್ರೂ ಇದೆಯಾ?" ಎಂದು ರೂಲಿನ ಪ್ರಕಾರ ಕೇಳಿದರು.

ಒಳಗೆ ಮಗು ಕಿಟಾರನೆ ಕಿರುಚಿತು.

"ಆಕ್ಷೇಪಣೆ ಬಂದಿದೆ. ಮುಂದಿನ ಸಭೆಗೆ!" ಎಂದು ದೊರೆಸ್ವಾಮಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಅದಾಗಿ ವರ್ಷಗಳಾದವು. ಆಕ್ಷೇಪಣೆ ಎತ್ತಿದ ಸದಸ್ಯೆ ಈಗ ನನ್ನ ತರಗತಿಯಲ್ಲೇ ಕೂತು ಮಗ್ಗಿ ತಪ್ಪುತ್ತಾಳೆ. ಸಮಿತಿ ಇನ್ನೂ ಮುಗಿದಿಲ್ಲ. ಸಭಾದೀಪ ಅದೇ ಕೋಣೆಯಲ್ಲಿ ಉರಿಯುತ್ತಿದೆ. ಪತ್ರಿಕೆಗೆ ನಾನೂ ಒಂದು ಕಾಗದ ಬರೆಯೋಣವೆಂದಿದ್ದೇನೆ. ಖರ್ಚನ್ನು ಬಹಿರಂಗ ಮಾಡಲಿ ಸ್ವಾಮಿ, ಖಂಡಿತ ಮಾಡಲಿ. ಆದರೆ ಬರೆದು ಸುಮ್ಮನಾಗಬಾರದು, ನೀರಿಗೆ ಬಂದ ಮುನಿಯಮ್ಮನಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಬೇಕು.