ಮೈಕಣ್ಣನ ಉಗ್ಗು

ನಮ್ಮ ಬಸ್ ನಿಲ್ದಾಣದಲ್ಲಿ ಒಂದು ನಿಯಮವಿತ್ತು: ಬಸ್ಸು ಹೊರಡುತ್ತದೆಂದು ಮೈಕಿನಲ್ಲಿ ಹೇಳಿ ಮುಗಿಯುವವರೆಗೆ ಚಕ್ರ ಉರುಳಕೂಡದು. ಈ ನಿಯಮ ಮಾಡಿದ ಪುಣ್ಯಾತ್ಮರೇ ಉಗ್ಗುವ ಮನುಷ್ಯನನ್ನು ಮೈಕಿನ ಮುಂದೆ ಕೂರಿಸಿದ್ದರು. ಹಾಗೆ ಕೂತವರೇ ನಮ್ಮ ಮೈಕಣ್ಣ. ‘ಬ’ ಬಂದರೆ ಸಾಕು, ತುಟಿ ಅಂಟಿಕೊಳ್ಳುತ್ತಿತ್ತು. ಸ್ಪೀಕರಿನಲ್ಲಿ “ಬ-ಬ-ಬ...” ಕೇಳಿದ ಮೇಲೆಯೇ ನಮ್ಮಂಥ ಸೋಮಾರಿಗಳು ಮನೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ ಸಂಜೆ ಮನೆಗೆ ಹೋಗುವ ಬಸ್ಸಿಗೆ ತಡವಾಗಿ ಬರುತ್ತಿದ್ದುದೂ ಅದೇ ಧೈರ್ಯದ ಮೇಲೆ.

ನಮಗೆ ಅನುಕೂಲ, ಅವರಿಗೆ ಪ್ರಾಣಸಂಕಟ. ಮನೆಯಲ್ಲಿ ಅವರ ಮಾತನ್ನೆಲ್ಲ ಹೆಂಡತಿಯೇ ಮುಗಿಸುತ್ತಿದ್ದರು. ಬೆಡ್‌ಶೀಟು ಕೇಳಲು “ಬೆ...” ಎಂದರೆ ಬೆಣ್ಣೆ ಬರುತ್ತಿತ್ತು. ಪಾಪ, ಬೆಣ್ಣೆ ತಿಂದು ಚಳಿಯಲ್ಲೇ ಮಲಗುತ್ತಿದ್ದರು.

ಹೊಸ ಮ್ಯಾನೇಜರ್ ಬಂದವರೇ, “ಮಾತು ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಮೈಕು ಬಿಟ್ಟು ಗೋಡೌನಿಗೆ ನಡೀರಿ,” ಎಂದರು. ಆ ಮೈಕೆಂದರೆ ಮೈಕಣ್ಣನಿಗೆ ಜೀವ. ಹೆಂಡತಿಯನ್ನು ಕರೆದುಕೊಂಡು ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮನ ಬಳಿ ಓಡಿದರು.

“ಇದು ಮಾತ್ರೆಗೆ ಹೋಗೋದಲ್ಲ,” ಎಂದರು ಆಕೆ. “ಉಸಿರು ಬಿಡ್ತಾ ಮೊದಲನೇ ಅಕ್ಷರಾನ ಮೆಲ್ಲಗೆ ಮುಟ್ಟಿ. ಪದದ ಜೊತೆ ಗುದ್ದಾಡ್ಬೇಡಿ. ಆಗಾಗ ಬೇಕಂತಲೇ ಉಗ್ಗಿ, ಭಯ ಹೋಗತ್ತೆ. ಅಮ್ಮಾ, ನೀವು ಅವರ ಮಾತು ಅವರಿಗೇ ಬಿಡಿ.”

ಹುಟ್ಟಿದಾಗಿನಿಂದ ಉಗ್ಗುತ್ತಿರುವವರು ಈಗ ಕನ್ನಡಿ ಮುಂದೆ ಉಗ್ಗಲು ಅಭ್ಯಾಸ ಮಾಡುವುದನ್ನು ಕಂಡು ಹೆಂಡತಿ ಹಣೆ ಚಚ್ಚಿಕೊಂಡರು. ಆದರೂ ತಿಂಗಳುಗಳು ಕಳೆದಂತೆ ನಾಲಿಗೆ ಹದಕ್ಕೆ ಬಂತು. ಒಂದು ಬೆಳಿಗ್ಗೆ ಮಾತು ಸಲೀಸಾಗಿ ಮುಗಿದು ಬಸ್ಸು ಸಮಯಕ್ಕೇ ಹೊರಟುಬಿಟ್ಟಿತು! ಒಳಗೆ ಡ್ರೈವರ್, ಕಂಡಕ್ಟರ್ ಬಿಟ್ಟರೆ ನರಪಿಳ್ಳೆಯಿಲ್ಲ. ಬೀದಿಗೆ ಬೀದಿಯೇ ಬಸ್ಸಿನ ಹಿಂದೆ ಓಡಿತು. ಎಲ್ಲರಿಗಿಂತ ಮುಂದೆ, ಖಾಲಿ ಬಸ್ಸನ್ನು ನಿಲ್ಲಿಸಲು, ಮ್ಯಾನೇಜರ್.

ಮಧ್ಯಾಹ್ನ ನಾವೆಲ್ಲ ಆಫೀಸಿಗೆ ನುಗ್ಗಿ, ಹಳೇ ಉಗ್ಗೇ ಬೇಕೆಂದು ಕೂಗಾಡಿದೆವು. ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ, “ಮೊದಲಿನ ಹಾಗೇ ಮಾತಾಡಿ. ಇಲ್ಲಾಂದ್ರೆ ಗೋಡೌನೇ,” ಎಂದರು.

“ಆಗಲ್ಲ ಸಾರ್,” ಎಂದರು ಮೈಕಣ್ಣ. “ನನ್ನ ಮಾತು ನಂದು.”

ಅವರು ಯಾರಿಗಾದರೂ ಹೀಗೆ ಎದುರು ಹೇಳಿದ್ದನ್ನು ನಾನು ಕಂಡಿರಲಿಲ್ಲ. ನಾವು ಒಬ್ಬೊಬ್ಬರಾಗಿ ಹೊರಬಿದ್ದೆವು.

ಸಂಜೆ, ಉಗ್ಗುತ್ತಾರೋ ಇಲ್ಲವೋ ನೋಡಲು, ಮ್ಯಾನೇಜರ್ ಮೈಕಿನ ಪಕ್ಕದಲ್ಲೇ ಕಾವಲು ನಿಂತರು. ಮೈಕಣ್ಣನ ಮಾತು ಅರ್ಧಕ್ಕೆ ಬಂದಿತ್ತು. ಗೇಟಿನ ಬಳಿ ಹೆಂಡತಿ, ಎರಡೂ ಕೈಯಲ್ಲಿ ಚೀಲ, ಏದುಸಿರು ಬಿಡುತ್ತ ಓಡಿ ಬರುತ್ತಿದ್ದರು. ಮೈಕಣ್ಣ ಆಕೆಯನ್ನೇ ನೋಡುತ್ತ, ಹಾಯಾಗಿ, “ಬ-ಬ-ಬ-ಬ...” ಎಂದರು. ಆಕೆ ಹತ್ತಿ ಕೂತ ಮೇಲೆಯೇ ಬಸ್ಸು ಹೊರಡುವ ಮಾತು ಮುಗಿಯಿತು.

“ಏನ್ರೀ, ಮಧ್ಯಾಹ್ನ ಆಗಲ್ಲ ಅಂದ್ರಲ್ಲ, ಇನ್ನೂ ವಾಸಿ ಆಗಿಲ್ವಾ?” ಎಂದರು ಮ್ಯಾನೇಜರ್.

“ಆಗಿದೆ ಸಾರ್,” ಎಂದರು ಮೈಕಣ್ಣ. “ಅದಕ್ಕೇ.”