ಕಾಲು ಹೇಳದ್ದನ್ನು ಕಿವಿ ಹೇಳಿತು

ನನಗೆ ಲಕ್ವಾ ಹೊಡೆದಿರಲಿಲ್ಲ. ಯಾರ ಕಣ್ಣೂ ತಾಗಿರಲಿಲ್ಲ. ಕಾಲಲ್ಲಿ ಬಲ ಇತ್ತು. ತಾವು ಎಲ್ಲಿದ್ದೇವೆ ಎಂದು ಹೇಳುವುದನ್ನು ಮಾತ್ರ ಅವು ಬಿಟ್ಟಿದ್ದವು. ಆದದ್ದು ಇಷ್ಟೇ. ಉಳಿದದ್ದೆಲ್ಲ ಗಜೇಂದ್ರಗಡದ ಮಂದಿ ಕಟ್ಟೆಯ ಮೇಲೆ ಕೂತು ಹೊಸೆದ ಕತೆ.

ಟೈಫಾಯ್ಡ್ ಜ್ವರ ಇಳಿದ ಮೇಲೆ ಎದ್ದು ಹಿತ್ತಲಿಗೆ ಹೊರಟೆ. ನೆಲ ಇತ್ತು, ಪಾದಕ್ಕೆ ಅದು ತಿಳಿಯಲಿಲ್ಲ. ಅರಳೆಯ ಮೇಲೆ ನಡೆದಂತೆ. ಕಾಲು ನೋಡುತ್ತ ಹೆಜ್ಜೆ ಇಟ್ಟರೆ ನಡೆಯುತ್ತಿದ್ದೆ. ತಲೆ ಎತ್ತಿದರೆ ಬೀಳುತ್ತಿದ್ದೆ.

ನೇಯಲು ಆಗಲಿಲ್ಲ.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಕಣ್ಣು ಅಲ್ಲಿಗೆ ಹೋಗುವಂತಿಲ್ಲ, ಅದಕ್ಕೆ ಮೇಲೆ ಸೀರೆಯ ಅಂಚು ಕಾಯುವ ಕೆಲಸ. ನಾನು ಒಂದೇ ಹಲಗೆಯನ್ನು ಎರಡು ಸಲ ತುಳಿಯುತ್ತಿದ್ದೆ; ಎಳೆಗಳು ಜೋಡಿಯಾಗಿ ಬಿದ್ದು ಸೀರೆಯ ಮೈಮೇಲೆ ಗೆರೆ ಏಳುತ್ತಿತ್ತು.

ಪಕ್ಕದ ಮಗ್ಗದಲ್ಲಿ ನೇಯುವ ಮಗ ಈರಪ್ಪ ಎಲ್ಲ ನೋಡಿದ. "ಸಾಕ ಬಿಡ ಯವ್ವಾ. ದೀಪಾವಳಿ ಆದಮ್ಯಾಲ ನಿನ್ನ ಕುಣಿ ಮುಚ್ಚತೇನಿ. ಜ್ವಾಳದ ಚೀಲ ಇಡಾಕ ಜಾಗಾ ಆಕ್ಕೈತಿ."

"ನನ್ನೂ ಅದರಾಗ ಹಾಕಿ ಮುಚ್ಚು," ಎಂದೆ.

ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ. ಕಣ್ಣು, ಕಿವಿ, ಚರ್ಮ ತರುವ ಸುದ್ದಿಯನ್ನು ಮೆದುಳು ಹೇಗೆ ಕೂಡಿಸಿಕೊಳ್ಳುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಒಬ್ಬ ಡಾಕ್ಟರು ವಾರ್ಡಿನಲ್ಲಿ ನನ್ನ ಕಾಲಿನ ಹೆಬ್ಬೆರಳು ಹಿಡಿದರು.

"ಕಣ್ಣ ಮುಚ್ಚರಿ ಅಜ್ಜಿ. ಬೆರಳು ಮ್ಯಾಲ ಐತೋ, ಕೆಳಗೈತೋ?"

"ಹಿಡಕೊಂಡವರು ನೀವು. ನನ್ನ ಯಾಕ ಕೇಳತೀರಿ?"

ನಕ್ಕರು. ಆಮೇಲೆ ನಗಲಿಲ್ಲ. ನರ ಕೆಟ್ಟಿದೆ, ಮತ್ತೆ ಸರಿಹೋದೀತು ಎಂದು ಹೇಳಲಾರೆ ಎಂದರು.

ಈರಪ್ಪ ನೆಲ ನೋಡಿದ. ಅವನಿಗೆ ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಲು ಡಾಕ್ಟರು ಹೇಳಿದರು. ಓಲಾಡಿ ನನ್ನ ಮಂಚ ಹಿಡಿದುಕೊಂಡ.

"ನಿಮಗ ಯಾವ ಜ್ವರ ಬಂದಿತ್ತರಿ?" ಎಂದರು ಡಾಕ್ಟರು. "ಕಾಲಿನ ಸುದ್ದಿ ಕಾಲೊಂದ ತರೂದಿಲ್ಲ, ಕಣ್ಣೂ ತರತೈತಿ. ಅಜ್ಜಿ ಕಣ್ಣು ಅಂಚು ಕಾಯತೈತಿ, ಕಿವಿ ಖಾಲಿ ಕುಂತೈತಿ. ಅದಕ್ಕ ಕೆಲಸ ಹಚ್ಚಿ ನೋಡೂಣು."

ಊರಿಗೆ ಬಂದು ಎರಡೂ ಹಲಗೆಗೆ ಗೆಜ್ಜೆ ಕಟ್ಟಿಸಿದೆ. ಏನೂ ಆಗಲಿಲ್ಲ. ಸೊಸೆ ಗೌರವ್ವ ಅಡುಗೆ ಮನೆಯಿಂದಲೇ, "ಎರಡೂ ಒಂದ ಧ್ವನಿ ಮಾಡತಾವಲ್ಲರಿ ಅತ್ತಿ," ಎಂದು ಬಂದು, ಒಂದನ್ನು ಬಿಚ್ಚಿ ಕರುವಿನ ಕೊರಳಗಂಟೆ ಕಟ್ಟಿದಳು.

ಓಣಿಯವರಿಗೆ ನಗೆ. "ಮಗ್ಗ ಬಯಲಾಟಕ್ಕ ಹೊಂಟೈತೇನ ಅಮ್ಮಾ?"

"ಹೌದು. ಕ್ವಾಡಂಗಿ ಪಾತ್ರ ಖಾಲಿ ಐತಿ, ಬಾ."

ಮೊದಮೊದಲು ಸದ್ದು ಕೇಳಿ, ಎಡವೋ ಬಲವೋ ಎಂದು ಯೋಚಿಸಿ, ಆಮೇಲೆ ಲಾಳಿ ಬಿಡುತ್ತಿದ್ದೆ. ಬರಬರುತ್ತ ಯೋಚನೆ ಬಿಟ್ಟುಹೋಯಿತು. ಗಂಟೆ ಅಲುಗಿದರೆ ಸಾಕು, ಹಲಗೆ ಪಾದಕ್ಕೇ ತಾಕಿದಂತೆ. ಖರೇ ತಾಕುತ್ತಿರಲಿಲ್ಲ; ಸೂಜಿ ಚುಚ್ಚಿ ನೋಡಿಕೊಂಡಿದ್ದೆ. ಆದರೂ ಅದು ಕಿವಿಯಲ್ಲಿ ಅಲ್ಲ, ಕಾಲಲ್ಲೇ ಕೇಳುತ್ತಿತ್ತು. ಇದನ್ನು ಇನ್ನೂ ಚೆನ್ನಾಗಿ ಹೇಳಲು ನನಗೆ ಬಾರದು.

ದೀಪಾವಳಿಗೆ ಮುಂಚೆ ಡಾಕ್ಟರು ನನ್ನ ನೇಯ್ಗೆ ನೋಡಲೆಂದು ರೋಣದ ಬಸ್ಸಿನಿಂದ ಬಂದಿಳಿದರು. ನನ್ನ ಕಿವಿಗೆ ಅರಳೆ ತುರುಕಿ ನೇಯಿಸಿದರು. ಜೋಡಿ ಎಳೆ ಬಿತ್ತು. ಅರಳೆ ತೆಗೆದರು. ಲಾಳಿ ಓಡಿತು.

"ಕಿವಿ ಸುದ್ದಿ ಕಾಲಿಗೆ ಮುಟ್ಟೇತಿ. ಇದನ್ನ ನಾ ಹುಡುಕತಿದ್ದೆ," ಎಂದರು.

"ಸಿಕ್ಕತಲ್ಲ, ಬರಕೋರಿ. ನನಗ ಅಂಚು ಕಾಯೂದೈತಿ."

ಅವರು ಕೂತಿದ್ದಾಗಲೇ ಸೀರೆಯ ಉಳಿದಿದ್ದ ಗೇಣು ನೇಯ್ದು ಮುಗಿಸಿದೆ. ತಪ್ಪಿದ ಜಾಗ ಬಿಚ್ಚಿ ಮತ್ತೆ ನೇಯ್ದಿದ್ದೆ. ಈರಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಸೆರಗಿನಿಂದ ಕೊನೆಯವರೆಗೆ ಬೆರಳಾಡಿಸಿದ. ಗೆರೆ ಹುಡುಕಿದ. ಸಿಗಲಿಲ್ಲ. ಕುಣಿ ಮುಚ್ಚುವ ಮಾತು ಎತ್ತಲಿಲ್ಲ.

ಕಾಲು ಈಗಲೂ ಮರಗಟ್ಟಿಯೇ ಇವೆ. ಇರಲಿ. ಡಾಕ್ಟರಿಗೆ, ಗೌರವ್ವಗೆ ಒಳ್ಳೆಯದಾಗಲಿ.

ಸೀರೆ ಮುಗಿದ ಮರುದಿನ ಮುಂಜಾನೆ ಈರಪ್ಪನನ್ನು ಎಬ್ಬಿಸಿ ನೂಲು ತರಲು ಕಳಿಸಿದೆ.

"ಒಂದ ಸೀರಿಗೆ ಸಾಕಲ್ಲ ಯವ್ವಾ?" ಎಂದ.

"ಒಂದ ಸೀರಿ ನೇದು ಸಾಯಾಕಿ ಏನು ನಾ? ಹೊರಲಾಕ ಆಗೂವಷ್ಟು ತಾ," ಎಂದೆ.